ಗುಳಿಗೆಯೂ ಯಕೃತ್ತೂ

ಗರ್ಭನಿರೋಧಕ ಗುಳಿಗೆಯ ಚರಿತ್ರೆಯನ್ನು ಹೇಳುವವರು ಮೆಕ್ಸಿಕೋದ ಕಾಡುಗೆಣಸಿನಿಂದ ತೊಡಗುವುದು ವಾಡಿಕೆ. ಆ ಗೆಣಸಿನ ಸಾರದಿಂದ ರಸೆಲ್ ಮಾರ್ಕರ್ ಹಾರ್ಮೋನು ತಯಾರಿಸಿದ್ದು, 1951ರಲ್ಲಿ ಸಿಂಟೆಕ್ಸ್ ಪ್ರಯೋಗಶಾಲೆಯಲ್ಲಿ ಕಾರ್ಲ್ ಜೆರಾಸಿಯ ತಂಡದ ತರುಣ ಮಿರಾಮೊಂಟೆಸ್ ನೊರೆಥಿಂಡ್ರೋನನ್ನು ಸಿದ್ಧಗೊಳಿಸಿದ್ದು ಸ್ವಾರಸ್ಯವಾದ ಕಥೆಯೇ ಸರಿ. ನನಗಾದರೋ ಗುಳಿಗೆಯನ್ನು ನುಂಗಿದ ಅನಂತರದ ಚರಿತ್ರೆಯೇ ಹೆಚ್ಚು ಮುಖ್ಯವಾಗಿ ಕಾಣುತ್ತದೆ.

1956ರಲ್ಲಿ ಪೋರ್ಟೊರಿಕೋದ ರಿಯೊ ಪಿಯೆದ್ರಾಸ್‌ನಲ್ಲಿ ಬಡ ಹೆಂಗಸರ ಮೇಲೆ ಎನೋವಿಡ್ ಗುಳಿಗೆಯ ಪ್ರಯೋಗ ಆರಂಭವಾಯಿತು. ಅದರ ಮೇಲ್ವಿಚಾರಣೆ ನಡೆಸಿದ ವೈದ್ಯೆ ಎಡ್ರಿಸ್ ರೈಸ್-ರೇ, ಗುಳಿಗೆ ಗರ್ಭವನ್ನು ತಡೆಯುವುದು ನಿಜ, ಆದರೆ ವಾಕರಿಕೆ, ತಲೆಸುತ್ತು ಮೊದಲಾದ ತೊಂದರೆಗಳು ವಿಪರೀತವೆಂದು ವರದಿ ಮಾಡಿದರು. ಪ್ರಯೋಗದ ಸೂತ್ರಧಾರಿ ಗ್ರೆಗರಿ ಪಿಂಕಸ್ ಆ ದೂರುಗಳಲ್ಲಿ ಬಹುಪಾಲು ಮನಸ್ಸಿನ ಕಲ್ಪನೆಯೆಂದು ಭಾವಿಸಿದರು. 1960ರಲ್ಲಿ ಅಮೆರಿಕ ಸರ್ಕಾರ ಗುಳಿಗೆಗೆ ಮಾನ್ಯತೆ ನೀಡಿತು. ಅದರಲ್ಲಿದ್ದ ಈಸ್ಟ್ರೊಜೆನ್ 150 ಮೈಕ್ರೋಗ್ರಾಂ. ಇಂದಿನ ಬಹುತೇಕ ಗುಳಿಗೆಗಳಲ್ಲಿರುವುದು 20ರಿಂದ 35.

ಗುಳಿಗೆಯ ಕೆಲಸ ಸರಳ. ಹೊರಗಿನ ಹಾರ್ಮೋನು ಸಾಕಷ್ಟಿರುವುದನ್ನು ಕಂಡು ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಅಂಡಾಶಯಕ್ಕೆ ಕೊಡುವ ಸಂದೇಶವನ್ನು ತಗ್ಗಿಸುತ್ತದೆ. ಅಂಡವು ಹೊರಬೀಳದು, ಅಂಡಾಶಯದ ಸ್ವಂತ ಹಾರ್ಮೋನೂ ಇಳಿಯುತ್ತದೆ. ಆದರೆ ನುಂಗಿದ್ದು ಕರುಳಿನಿಂದ ನೇರವಾಗಿ ಹೋಗುವುದು ಯಕೃತ್ತಿಗೆ. ಅಲ್ಲಿ ಈಸ್ಟ್ರೊಜೆನ್ ಟ್ರೈಗ್ಲಿಸರೈಡು ಎಂಬ ಕೊಬ್ಬನ್ನು ಹೆಚ್ಚಿಸುತ್ತದೆ. ಜೊತೆಗೇ, ಜನರು ಒಳ್ಳೆಯದೆನ್ನುವ ಕೊಲೆಸ್ಟರಾಲನ್ನು ಏರಿಸಿ ಕೆಟ್ಟದ್ದನ್ನು ಇಳಿಸುತ್ತದೆ. ಗುಳಿಗೆಯ ಇನ್ನೊಂದು ಭಾಗವಾದ ಪ್ರೊಜೆಸ್ಟಿನ್ ಗಂಡು ಹಾರ್ಮೋನಿನ ಗುಣವುಳ್ಳದ್ದಾದರೆ ಇದಕ್ಕೆ ತದ್ವಿರುದ್ಧ. ಹೀಗೆ ಒಂದೇ ಗುಳಿಗೆಯೊಳಗೆ ಎರಡು ಎತ್ತುಗಳು ಎರಡು ದಿಕ್ಕಿಗೆ ಎಳೆಯುತ್ತವೆ. ಲಂಡನ್ನಿನ ವಿಕ್ಟರ್ ವಿನ್ ಮತ್ತು ಸಂಗಡಿಗರು ಗುಳಿಗೆ ಸೇವಿಸುವವರ ರಕ್ತದ ಕೊಬ್ಬನ್ನು ಅಳೆದು ಪ್ರಕಟಿಸಿದ್ದು 1966ರಲ್ಲಿ.

ಆದರೂ ಜೀವಕ್ಕೆ ಎರವಾದದ್ದು ಹೆಚ್ಚಾಗಿ ಕೊಬ್ಬಲ್ಲ, ಹೆಪ್ಪುಗಟ್ಟಿದ ರಕ್ತ. ರಕ್ತವನ್ನು ಹೆಪ್ಪುಗಟ್ಟಿಸುವ ದ್ರವ್ಯಗಳೂ ಯಕೃತ್ತಿನಲ್ಲಿಯೇ ತಯಾರಾಗುತ್ತವಷ್ಟೆ. ಈಸ್ಟ್ರೊಜೆನ್ ಅವನ್ನೂ ಹೆಚ್ಚಿಸುತ್ತದೆ. ಮೊದಲ ಎಚ್ಚರಿಕೆ 1961ರಲ್ಲೇ ಬ್ರಿಟನ್ನಿನಿಂದ ಬಂದಿತ್ತು. 50 ಮೈಕ್ರೋಗ್ರಾಂಗಿಂತ ಹೆಚ್ಚಿನ ಈಸ್ಟ್ರೊಜೆನ್ ಬೇಡವೆಂದು ಅಲ್ಲಿನ ಔಷಧ ಸುರಕ್ಷಾ ಸಮಿತಿ ಹೇಳಿದ್ದು 1969ರಲ್ಲಿ. ಹೃದಯಾಘಾತದ ಭಯ ಹೆಚ್ಚಾಗಿ ಕಂಡದ್ದು ಧೂಮಪಾನ ಮಾಡುವ, ವಯಸ್ಸಾದ ಹೆಂಗಸರಲ್ಲಿ.

1970ರಲ್ಲಿ ಅಮೆರಿಕದ ಸೆನೆಟ್ಟಿನಲ್ಲಿ ಗೇಲಾರ್ಡ್ ನೆಲ್ಸನ್ ವಿಚಾರಣೆ ನಡೆಸಿದರು. ಗುಳಿಗೆ ನುಂಗುತ್ತಿದ್ದ ಹೆಂಗಸರನ್ನು ಸಾಕ್ಷಿಗೆ ಕರೆದಿರಲಿಲ್ಲ. ಅವರು ಪ್ರೇಕ್ಷಕರ ಸಾಲಿನಿಂದಲೇ ಎದ್ದು ಪ್ರಶ್ನೆ ಕೇಳಿದರು. ಆ ವರ್ಷವೇ ಗುಳಿಗೆಯ ಪೊಟ್ಟಣದೊಡನೆ ಬಳಸುವವರಿಗಾಗಿ ಎಚ್ಚರಿಕೆಯ ಚೀಟಿಯನ್ನು ಇಡಬೇಕೆಂಬ ನಿಯಮ ಬಂತು. ಅದು ಕೆಲವೇ ಸಾಲಿನ ಮೊಟಕು ಚೀಟಿ. ವಿವರವಾದ ಕರಪತ್ರ ಕಡ್ಡಾಯವಾದದ್ದು 1978ರಲ್ಲಿ.