ಸೋಲನ್ನು ಮಾರದ ಮಲ್ಲ



ಹಳೆಯ ಚಲನಚಿತ್ರಗಳು ಡಿವಿಡಿ ರೂಪದಲ್ಲಿ ಮನೆಗೇ ಬರುವಂತಾದುದು ನನ್ನಂಥ ನಿವೃತ್ತ ಮೇಷ್ಟರುಗಳಿಗೆ ದೊಡ್ಡ ಲಾಭ. 1947ರಲ್ಲಿ ಅಮೆರಿಕದಲ್ಲಿ ತೆರೆಕಂಡ 'ಬಾಡಿ ಅಂಡ್ ಸೋಲ್' ಎಂಬ ಕಪ್ಪು-ಬಿಳುಪಿನ ಬಾಕ್ಸಿಂಗ್ ಚಿತ್ರವನ್ನು ನಾನು ನೋಡಿದ್ದು ಹೀಗೆಯೇ. ಇತಿಹಾಸ ಬೋಧಿಸಿದ ನನ್ನನ್ನು ಚಿತ್ರದ ಕಥೆಗಿಂತಲೂ ಅದನ್ನು ನಿರ್ಮಿಸಿದವರ ಕಥೆ ಹೆಚ್ಚು ಕಾಡಿತು.

ನಾಯಕ ಚಾರ್ಲಿ ಡೇವಿಸ್ ನ್ಯೂಯಾರ್ಕಿನ ಬಡ ಯಹೂದಿ ಯುವಕ. ತಂದೆ ತೀರಿಕೊಂಡ ಮೇಲೆ, ತಾಯಿಗೆ ಇಷ್ಟವಿಲ್ಲದಿದ್ದರೂ, ಹಣಕ್ಕಾಗಿ ಕಣಕ್ಕಿಳಿಯುತ್ತಾನೆ. ಚಾಂಪಿಯನ್ ಆಗುತ್ತಾನೆ, ಜೊತೆಗೇ ರಾಬರ್ಟ್ಸ್ ಎಂಬ ಪಂದ್ಯದ ದಲ್ಲಾಳಿಯ ಆಳೂ ಆಗುತ್ತಾನೆ. ಕೊನೆಯ ಪಂದ್ಯದಲ್ಲಿ ಹಣಕ್ಕಾಗಿ ಸೋಲಲು ಒಪ್ಪಿದವನು ಕಣದಲ್ಲಿ ಮನಸ್ಸು ಬದಲಿಸಿ ಗೆದ್ದುಬಿಡುತ್ತಾನೆ. ಈ ಪಂದ್ಯವನ್ನು ಛಾಯಾಗ್ರಾಹಕ ಜೇಮ್ಸ್ ವಾಂಗ್ ಹೋ ಕಾಲಿಗೆ ಚಕ್ರದ ಸ್ಕೇಟುಗಳನ್ನು ಕಟ್ಟಿಕೊಂಡು, ಕ್ಯಾಮೆರಾ ಕೈಯಲ್ಲಿ ಹಿಡಿದು ಚಿತ್ರಿಸಿದರೆಂಬುದು ಪ್ರಸಿದ್ಧ. ಸಂಕಲನಕ್ಕೆ ಆಸ್ಕರ್ ಪ್ರಶಸ್ತಿಯೂ ದೊರೆಯಿತು.

ಅದೇ 1947ರ ಅಕ್ಟೋಬರಿನಲ್ಲಿ ಅಮೆರಿಕದ ಪ್ರತಿನಿಧಿಸಭೆಯ ಸಮಿತಿಯೊಂದು ಹಾಲಿವುಡ್ಡಿನ ಕಮ್ಯುನಿಸ್ಟರನ್ನು ಹುಡುಕಲು ವಿಚಾರಣೆ ನಡೆಸಿತು. 1951ರಲ್ಲಿ ಅದು ಮತ್ತೆ ಆರಂಭವಾಯಿತು. ಸಮಿತಿಗೆ ಬೇಕಾದದ್ದು ಹೆಸರುಗಳು. ಹೇಳದವರಿಗೆ ಕೆಲಸವಿಲ್ಲ, ಅದೇ ಕಪ್ಪುಪಟ್ಟಿ. ಚಾರ್ಲಿಯ ಮುಂದಿದ್ದ ಪ್ರಶ್ನೆಯೇ ಈಗ ಅವನನ್ನು ಸೃಷ್ಟಿಸಿದವರ ಮುಂದೆ ಬಂದಿತು: ಅನ್ನ ಉಳಿಸಿಕೊಳ್ಳಲು ಏನನ್ನು ಮಾರಬಹುದು?

ಚಿತ್ರಕಥೆ ಬರೆದ ಅಬ್ರಹಾಂ ಪೊಲೊನ್ಸ್ಕಿ ಹೆಸರು ಹೇಳಲಿಲ್ಲ. ಅನಂತರ 1969ರವರೆಗೆ ಅವರ ನಿರ್ದೇಶನದ ಚಿತ್ರವೊಂದೂ ಬರಲಿಲ್ಲ. ತಾಯಿಯ ಪಾತ್ರದ ಆನ್ ರೆವಿಯರ್ ಸಹ ಉತ್ತರಿಸದೆ ಸುಮಾರು ಎರಡು ದಶಕ ತೆರೆಯಿಂದ ದೂರವಾದರು. ಚಾರ್ಲಿಯಾಗಿ ನಟಿಸಿದ ಜಾನ್ ಗಾರ್ಫೀಲ್ಡ್ ಸಾಕ್ಷ್ಯ ನುಡಿದರೂ ಯಾರನ್ನೂ ಹಿಡಿದುಕೊಡಲಿಲ್ಲ, ಅವಕಾಶಗಳು ಬತ್ತಿಹೋದವು. 1952ರ ಮೇ 21ರಂದು, 39ನೆಯ ವಯಸ್ಸಿನಲ್ಲಿ, ಹೃದಯಾಘಾತದಿಂದ ತೀರಿಕೊಂಡರು. ಅದಕ್ಕೆ ಹನ್ನೆರಡು ದಿನ ಮೊದಲು, ಚಿತ್ರದಲ್ಲಿ ಕಪ್ಪು ಜನಾಂಗದ ಮಲ್ಲ ಬೆನ್ ಆಗಿದ್ದ ಕೆನಡಾ ಲೀ ಕಣ್ಮುಚ್ಚಿದ್ದರು. ಅವರಿಗೂ ಕಪ್ಪುಪಟ್ಟಿಯ ಪೆಟ್ಟು ಬಿದ್ದಿತ್ತು. ಲೀ ಮೊದಲು ನಿಜವಾಗಿಯೂ ಬಾಕ್ಸರ್. ಕಣ್ಣಿಗಾದ ಗಾಯದಿಂದ ಕಣ ಬಿಟ್ಟವರು.

ನಿರ್ದೇಶಕ ರಾಬರ್ಟ್ ರಾಸನ್ 1951ರಲ್ಲಿ ಹೆಸರು ಹೇಳಲು ನಿರಾಕರಿಸಿದರು. ಎರಡು ವರ್ಷ ಕೆಲಸವಿಲ್ಲದೆ ಕಳೆದ ಮೇಲೆ, 1953ರಲ್ಲಿ ಐವತ್ತಕ್ಕೂ ಹೆಚ್ಚು ಹೆಸರುಗಳನ್ನು ಕೊಟ್ಟರು. ಅವರನ್ನು ಹಳಿಯುವುದು ನಮಗೆ ಸುಲಭ. ಹಸಿವಿನ ಕಣದಲ್ಲಿ ನಿಂತವರು ನಾವಲ್ಲ. ಆದರೆ ಹಾಗೆಂದು ಮಾತ್ರ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಅದೇ ಕಣದಲ್ಲಿ ನಿಂತು, ಬೆಲೆ ಗೊತ್ತಿದ್ದೂ ಒಲ್ಲೆನೆಂದವರಿದ್ದರು.

ಚಾರ್ಲಿಯ ಗೆಲುವು ಒಂದು ರಾತ್ರಿಯದು. ಈ ಜನ ವರ್ಷಗಟ್ಟಲೆ ತೆತ್ತರು. ಚಿತ್ರ ಸಿಕ್ಕಿದರೆ ನೋಡಿರಿ. ಮುಗಿದ ಮೇಲೆ ಆ ಹೆಸರುಗಳ ಪಟ್ಟಿಯನ್ನು ಒಮ್ಮೆ ನಿಧಾನವಾಗಿ ಓದಿರಿ.