ರವಿವರ್ಮನ ಚಿತ್ರ ಮತ್ತು ನಮ್ಮ ಶಾಲೆಯ ಪ್ರಾರ್ಥನೆ

ಸುವರ್ಣ ಮಹೋತ್ಸವದ ಸಂಚಿಕೆಗೆ ಇತಿಹಾಸದ ಬಗ್ಗೆ ಏನಾದರೂ ಬರೆದುಕೊಡು ಎಂದು ಗುರುಗಳು ಫೋನಿನಲ್ಲಿ ಹೇಳಿದಾಗ ಹಿಂಜರಿದೆ. ನಾನು ಓದಿದ್ದು ಬಿ.ಇ., ಮಾಡುವುದು ಸಾಫ್ಟ್‌ವೇರ್ ಕೆಲಸ. ಆಮೇಲೆ ಮೈಸೂರಿನಲ್ಲಿ ನೋಡಿದ ಒಂದು ಚಿತ್ರ ನೆನಪಾಯಿತು.

ನೌಕರಿಗೆ ಸೇರಿದ ಹೊಸತರಲ್ಲಿ ತರಬೇತಿಗೆಂದು ಮೈಸೂರಿನಲ್ಲಿದ್ದೆ. ಒಂದು ರವಿವಾರ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋದೆ. ಅಲ್ಲಿ ರಾಜಾ ರವಿವರ್ಮ ಅವರು 1889ರ ಸುಮಾರಿಗೆ ಬರೆದ ದೊಡ್ಡ ತೈಲಚಿತ್ರವಿದೆ. ‘ಗ್ಯಾಲಕ್ಸಿ ಆಫ್ ಮ್ಯೂಸಿಶಿಯನ್ಸ್’ ಎಂದು ಅದರ ಹೆಸರು. ನಮ್ಮ ಗೋಕಾಕ ಫಾಲ್ಸಿನ ಮಿಲ್ಲು ಶುರುವಾದದ್ದು 1887ರಲ್ಲಿ. ಚಿತ್ರವೂ ಹೆಚ್ಚುಕಡಿಮೆ ಅದೇ ವಯಸ್ಸಿನದು.

ಆ ಚಿತ್ರದಲ್ಲಿ ದೇವರಿಲ್ಲ, ರಾಜನಿಲ್ಲ. ಹನ್ನೊಂದು ಮಂದಿ ಹೆಣ್ಣುಮಕ್ಕಳಿದ್ದಾರೆ. ಬಿಳಿ ಉಡುಗೆಯ ಕೇರಳದ ಹೆಣ್ಣುಮಗಳು ವೀಣೆ ಹಿಡಿದಿದ್ದಾಳೆ. ಮರಾಠಿ ಸೀರೆಯವಳು, ಮುಸ್ಲಿಂ ಹೆಣ್ಣುಮಗಳು, ಹಿಂದೆ ಯುರೋಪಿನ ಉಡುಪಿನವಳು ಹೀಗೆ ಒಬ್ಬೊಬ್ಬರದು ಒಂದೊಂದು ನಾಡು. ಇಷ್ಟು ನಾಡಿನವರು ಆ ಕಾಲದಲ್ಲಿ ಒಂದೇ ಕಡೆ ಕೂತು ಹಾಡುವುದು ಸುಲಭದ ಮಾತಾಗಿರಲಿಲ್ಲ. ಚಿತ್ರಕಾರರೇ ಅವರನ್ನು ಕೂಡಿಸಿದರು. ಅಷ್ಟೇ ಅಲ್ಲ, ಮಂದಿಯ ಎದುರು ಹಾಡುವ ಹೆಣ್ಣುಮಕ್ಕಳ ಸಂಗೀತ ಬೇಕಿತ್ತು, ಅವರಿಗೆ ಮರ್ಯಾದೆ ಕೊಡುವುದು ಮಾತ್ರ ಸಮಾಜಕ್ಕೆ ಬೇಡವಾಗಿತ್ತು. ಅಂಥ ಕಾಲದಲ್ಲಿ ಈ ಹನ್ನೊಂದು ಮಂದಿ ಅರಮನೆಯ ಗೋಡೆಗೆ ಬಂದರು.

ರವಿವರ್ಮ ಹುಟ್ಟಿದ್ದು 1848ರಲ್ಲಿ, ಕೇರಳದ ಕಿಳಿಮಾನೂರಿನಲ್ಲಿ. ಅವರು ಯಾವ ಕಲಾಶಾಲೆಯಲ್ಲೂ ಓದಿದವರಲ್ಲ. ತಿರುವಾಂಕೂರು ಅರಮನೆಯಲ್ಲಿ ಬೇರೆಯವರು ಬರೆಯುವುದನ್ನು ನೋಡುತ್ತ ತೈಲವರ್ಣ ಕಲಿತರು. 1873ರಲ್ಲಿ ವಿಯೆನ್ನಾದಲ್ಲಿ ಅವರ ಚಿತ್ರಕ್ಕೆ ಬಹುಮಾನ ಬಂತು. 1893ರಲ್ಲಿ ಶಿಕಾಗೋ ಪ್ರದರ್ಶನಕ್ಕೆ ಹತ್ತು ಚಿತ್ರಗಳು ಹೋದವು. ಅವುಗಳಲ್ಲಿದ್ದವರೂ ನಮ್ಮ ದೇಶದ ಹೆಣ್ಣುಮಕ್ಕಳೇ. ಮರುವರ್ಷ ಮುಂಬಯಿಯಲ್ಲಿ ಸ್ವಂತ ಮುದ್ರಣಾಲಯ ತೆರೆದರು. ಅಲ್ಲಿ ಅಚ್ಚಾದ ಲಕ್ಷ್ಮಿ, ಸರಸ್ವತಿಯರು ಬಡವರ ಮನೆಯ ಗೋಡೆಗೂ ಬಂದರು. ಶಾರದಾ ಪೂಜೆಯ ದಿನ ನಮ್ಮ ಶಾಲೆಯಲ್ಲಿ ನಾವು ಮಾಲೆ ಹಾಕುತ್ತಿದ್ದ ವೀಣೆಯ ಸರಸ್ವತಿಯ ಮೂಲ ಅದೇ ಎಂದು ನನಗೆ ಮೈಸೂರಿನಲ್ಲಿ ತಿಳಿಯಿತು.

ಚಿತ್ರದ ಮುಂದೆ ನಿಂತಾಗ ನಮ್ಮ ಸೀಮೆಯ ಹಾಡುಗಾರ್ತಿಯರು ನೆನಪಾದರು. ಶ್ರೀಕೃಷ್ಣ ಪಾರಿಜಾತಕ್ಕೂ ನಮ್ಮ ಗೋಕಾಕ ಸೀಮೆಗೂ ಇರುವ ನಂಟು ಹಿರಿಯರಿಗೆಲ್ಲ ಗೊತ್ತು. ಕುಲಗೋಡ ತಮ್ಮಣ್ಣ ಅದನ್ನು ತಿದ್ದಿ ಬೆಳೆಸಿದರು. ಕೌಜಲಗಿಯ ನಿಂಗಮ್ಮ ಆಡಿ ಹಾಡಿ ಊರೂರಿಗೆ ಹೆಸರಾದರು. ರಾತ್ರಿಯಿಡೀ ಕೂತು ಕೇಳಿದ ಮಂದಿ ಅದೆಷ್ಟೋ. ಆದರೆ ಅವರನ್ನು ಕೂಡಿಸಿ ಚಿತ್ರ ಬರೆಯಲು ಇಲ್ಲಿಗೆ ಯಾವ ರವಿವರ್ಮನೂ ಬರಲಿಲ್ಲ.

ಅದಕ್ಕಿಂತ ಹತ್ತಿರದ ಇನ್ನೊಬ್ಬಳ ನೆನಪೂ ಆಯಿತು. ನಮ್ಮ ತರಗತಿಯಲ್ಲಿ ಪ್ರತಿದಿನ ಪ್ರಾರ್ಥನೆ ಹೇಳಿಕೊಡುತ್ತಿದ್ದ ಹುಡುಗಿ ಒಬ್ಬಳಿದ್ದಳು. ಅವಳು ದನಿ ಎತ್ತಿದರೆ ಗದ್ದಲ ಮಾಡುವ ನಮ್ಮ ಸಾಲೂ ಸುಮ್ಮನಾಗುತ್ತಿತ್ತು. ಹತ್ತನೆಯ ತರಗತಿಯ ನಡುವೆ ಅವಳು ಬರುವುದು ನಿಂತಿತು. ಮದುವೆಯಾಯಿತಂತೆ ಎಂದು ಯಾರೋ ಹೇಳಿದರು. ಮರುದಿನ ಬೇರೊಬ್ಬಳು ಪ್ರಾರ್ಥನೆ ಹೇಳಿದಳು. ಯಾಕೆ ಬರಲಿಲ್ಲ ಎಂದು ನಾವ್ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ವರ್ಷದ ಕೊನೆಗೆ ತೆಗೆಸಿದ ಗ್ರೂಪ್ ಫೋಟೋದಲ್ಲಿ ಅವಳಿಲ್ಲ. ಅವಳನ್ನು ಕೇಳದೆ ಹೆಸರು ಬರೆಯುವುದು ಸರಿಯಲ್ಲ. ಓದಿದರೆ ಅವಳಿಗೇ ತಿಳಿಯುತ್ತದೆ.

ಇತಿಹಾಸ ಎಂದರೆ ಯಾರು ಚಿತ್ರದಲ್ಲಿ ಉಳಿದರು ಎಂಬುದಷ್ಟೇ ಅಲ್ಲ, ಯಾರು ಹೊರಗುಳಿದರು ಎಂಬುದೂ ಹೌದು ಎಂದು ಆ ಹನ್ನೊಂದು ಮಂದಿ ನನಗೆ ಕಲಿಸಿದರು. ಗುರುಗಳಲ್ಲಿ, ಗೆಳೆಯರಲ್ಲಿ ನನ್ನದೊಂದು ವಿನಂತಿ. ಮಹೋತ್ಸವಕ್ಕೆ ಹಳೆಯ ವಿದ್ಯಾರ್ಥಿಗಳನ್ನು ಕರೆಯುವಾಗ ಪಾಸಾದವರ ಪಟ್ಟಿಯನ್ನಷ್ಟೇ ನೋಡಬೇಡಿ, ಹಾಜರಿ ಪುಸ್ತಕವನ್ನೂ ತೆಗೆಯಿರಿ. ನಡುವೆ ಶಾಲೆ ಬಿಟ್ಟ ಅಕ್ಕತಂಗಿಯರ ಮನೆಗೂ ಆಮಂತ್ರಣ ಹೋಗಲಿ. ಅಂದು ತೆಗೆಸುವ ಫೋಟೋದ ಮುಂದಿನ ಸಾಲಿನಲ್ಲಿ ಅವರು ಕೂಡಲಿ. ಪ್ರಾರ್ಥನೆಯನ್ನೂ ಅವರೇ ಹೇಳಲಿ. ಈ ಸಲ ನಾವು ಗದ್ದಲ ಮಾಡುವುದಿಲ್ಲ.