ಗೋಣಿಬೀಡಿನಲ್ಲಿ ಕೇಳಿದ ಪ್ರಶ್ನೆ: ಕುರ್ದಿಷ್, ಫಿಲಿಪಿನೋ ಮತ್ತು ನಮ್ಮ ಮನೆಮಾತುಗಳು



ಮೂಡಿಗೆರೆ ತಾಲೂಕಿನ ಗೋಣಿಬೀಡಿಗೆ ಚಿತ್ರೀಕರಣಕ್ಕೆಂದು ಹೋಗಿದ್ದಾಗ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಕೇಳಿದಳು: "ಸರ್, ಕುರ್ದಿಷ್ ಮತ್ತು ಫಿಲಿಪಿನೋ, ಇವೆರಡರಲ್ಲಿ ನಮ್ಮ ಭಾಷೆಗೆ ಹತ್ತಿರದ್ದು ಯಾವುದು?" ರಸಪ್ರಶ್ನೆ ಸ್ಪರ್ಧೆಗೆ ತಯಾರಾಗುತ್ತಿದ್ದಳೆಂದು ಕಾಣುತ್ತದೆ. ನಾನು ಓದಿದ್ದು ರಸಾಯನಶಾಸ್ತ್ರ. ಆದರೂ ಧೈರ್ಯ ಮಾಡಿ "ಫಿಲಿಪಿನೋ" ಎಂದುಬಿಟ್ಟೆ. ಆ ಭಾಷೆಯಲ್ಲಿ ಮುಖಕ್ಕೆ ‘ಮುಖಾ’, ಶಿಕ್ಷಕರಿಗೆ ‘ಗುರೋ’, ದೇವತೆಗೆ ‘ದಿವಾತಾ’ ಎನ್ನುತ್ತಾರೆಂದು ಎಲ್ಲೋ ಓದಿದ್ದೆ. ಹಿಂದಿರುಗಿ ಪುಸ್ತಕ ತೆರೆದಾಗ ನನ್ನ ಉತ್ತರ ತಪ್ಪೆಂದು ತಿಳಿಯಿತು. ಪ್ರಶ್ನೆಯಲ್ಲೂ ಒಂದು ತೊಡಕಿತ್ತು. "ನಮ್ಮ ಭಾಷೆ" ಎಂದರೆ ಯಾವುದು? ಆಕೆಯ ಮನೆಮಾತು ತುಳು, ಪಕ್ಕದಲ್ಲಿ ನಿಂತಿದ್ದ ಗೆಳತಿಯದು ಕೊಂಕಣಿ. ಇಬ್ಬರೂ ನನ್ನೊಡನೆ ಆಡಿದ್ದು ಕನ್ನಡ.

ನನ್ನನ್ನು ಮೋಸಗೊಳಿಸಿದ್ದು ಎರವಲು ಪದಗಳು. ಫಿಲಿಪೈನ್ಸಿನ ಲಗುನಾ ಪ್ರಾಂತದಲ್ಲಿ 1989ರಲ್ಲಿ ಒಂದು ತಾಮ್ರಪಟ ಸಿಕ್ಕಿತು. ಅದರ ಕಾಲ ಶಕವರ್ಷ 822, ಅಂದರೆ ಕ್ರಿ.ಶ. 900. ನಮ್ಮ ಶಾಸನಗಳಲ್ಲಿ ಕಾಣುವ ಅದೇ ಶಕವರ್ಷ! ಸಂಸ್ಕೃತದ ಪದಗಳು ಅಷ್ಟು ದೂರ ಸಾಗಿದ್ದವು, ಕನ್ನಡಕ್ಕೂ ಬಂದಿದ್ದವು. ಇಬ್ಬರು ಒಂದೇ ಅಂಗಡಿಯಲ್ಲಿ ಬಟ್ಟೆ ಕೊಂಡ ಮಾತ್ರಕ್ಕೆ ಅಣ್ಣತಮ್ಮಂದಿರಾಗುವುದಿಲ್ಲವಷ್ಟೆ. ಪ್ರಯೋಗಶಾಲೆಯಲ್ಲಿ ಬಣ್ಣ ನೋಡಿಯೇ ಲವಣದ ಹೆಸರು ಬರೆಯಬೇಡಿರೆಂದು ನಮ್ಮ ಮೇಷ್ಟರು ಎಚ್ಚರಿಸುತ್ತಿದ್ದರು. ಆ ಪಾಠವನ್ನು ನಾನು ಮರೆತಿದ್ದೆ.

ಹಾಗಾದರೆ ನಂಟು ತಿಳಿಯುವುದು ಹೇಗೆ? ಮೊದಲು ಎಣಿಸಿ ನೋಡಬೇಕು. ಕೊಂಕಣಿಯಲ್ಲಿ ಏಕ್, ದೋನ್, ತೀನ್, ಚಾರ್, ಪಾಂಚ್. ಕುರ್ದಿಷ್‌ನಲ್ಲಿ ಯೆಕ್, ದು, ಸೇ, ಚಾರ್, ಪೇಂಜ್. ಫಿಲಿಪಿನೋದಲ್ಲಿ ಇಸಾ, ದಲವಾ, ತತ್ಲೋ, ಆಪತ್, ಲಿಮಾ. ಈ ‘ಲಿಮಾ’ ಮಲಯ ಭಾಷೆಯಲ್ಲೂ ಐದೇ. ಆಫ್ರಿಕದ ಬಳಿಯ ಮಡಗಾಸ್ಕರಿನಲ್ಲಿ ಅದು ‘ದಿಮಿ’. ಸಮುದ್ರದ ಮೇಲೆ ಹರಡಿದ ಬೇರೆಯೇ ಕುಟುಂಬವದು. ಅಲ್ಲಿ ‘ಕಾಇನ್’ ಎಂದರೆ ತಿನ್ನು, ‘ಕುಮಾಇನ್’ ಎಂದರೆ ತಿಂದ. ಪ್ರತ್ಯಯ ಪದದ ಹೊಟ್ಟೆಯೊಳಗೇ ಹೊಕ್ಕುತ್ತದೆ!

ಆದರೆ ಎಣಿಕೆಯ ಪದಗಳನ್ನೂ ಕಡ ತರುವುದುಂಟು. ನಿಜವಾದ ಸಾಕ್ಷಿಯೆಂದರೆ ನಿಯಮ ತಪ್ಪದ ಧ್ವನಿ ವ್ಯತ್ಯಾಸ. ಇದಕ್ಕೆ ಉದಾಹರಣೆ ಗೋಣಿಬೀಡಿನ ಸುತ್ತಲೇ ಇದೆ. ಹೊಯ್ಸಳರ ಮೂಲಸ್ಥಾನವೆನ್ನುವ ಅಂಗಡಿ ಇದೇ ಮೂಡಿಗೆರೆ ತಾಲೂಕಿನಲ್ಲಿದೆ. ಹಳೆಯ ಶಾಸನಗಳಲ್ಲಿ ಅವರ ಹೆಸರು ‘ಪೊಯ್ಸಳ’. ನೆರೆಯ ಬೇಲೂರು ತಾಲೂಕಿನ ಹಲ್ಮಿಡಿಯ ಹೆಸರು ಅಲ್ಲಿಯ ಸುಮಾರು ಕ್ರಿ.ಶ. 450ರ ಶಾಸನದಲ್ಲಿ ‘ಪಲ್ಮಡಿ’ ಎಂದಿದೆ. ಕನ್ನಡದ ಪಕಾರ ಮುಂದೆ ಹಕಾರವಾಯಿತು. ತುಳುವಿನಲ್ಲಿ ಹಾಗೆಯೇ ಉಳಿಯಿತು. ಹುಲಿಗೆ ಪಿಲಿ, ಹೂವಿಗೆ ಪೂ, ಹೆಣ್ಣಿಗೆ ಪೊಣ್ಣು, ಹತ್ತಕ್ಕೆ ಪತ್ತ್. ಹೀಗೆ ಸಾಲುಸಾಲಾಗಿ ಹೊಂದಿದರೆ ಅದು ಆಕಸ್ಮಿಕವಲ್ಲ, ಒಡಹುಟ್ಟು.

ಕೊಂಕಣಿಗೂ ಕುರ್ದಿಷ್‌ಗೂ ಇಂಥದೇ ಲೆಕ್ಕವಿದೆ. ಸಂಸ್ಕೃತದ ‘ಸಪ್ತ’ ಕೊಂಕಣಿಯಲ್ಲಿ ‘ಸಾತ್’. ಸಕಾರ ಹಕಾರವಾಗುವ ಇರಾನಿ ಶಾಖೆಯ ಕುರ್ದಿಷ್‌ನಲ್ಲಿ ಏಳಕ್ಕೆ ‘ಹೆಫ್ತ್’. (ಏಳು ದಿನದ ವಾರಕ್ಕೆ ಪಾರಸಿಯವರು ಕೊಟ್ಟ ಹೆಸರು ‘ಹಫ್ತಾ’. ಅದು ನಮ್ಮ ಪೇಟೆಗಳಿಗೆ ಬಂದು ವಸೂಲಿಯ ಮಾತಾದದ್ದು ಬೇರೆ ಕಥೆ.) ‘ಹೆಸರು’ ಎಂಬುದಕ್ಕೆ ಕೊಂಕಣಿಯಲ್ಲಿ ‘ನಾಂವ್’, ಕುರ್ದಿಷ್‌ನಲ್ಲಿ ‘ನಾವ್’. ಆದ್ದರಿಂದ ಆ ವಿದ್ಯಾರ್ಥಿನಿಗೆ ಪತ್ರ ಬರೆದೆ: ನಿನ್ನ ಗೆಳತಿಯ ಮನೆಮಾತಿಗೆ ಕುರ್ದಿಷ್ ದೂರದ ನಂಟ, ನಿನ್ನ ತುಳುವಿಗೂ ನಮ್ಮ ಕನ್ನಡಕ್ಕೂ ಎರಡೂ ಹೊರಗಿನವೇ.

ಇದು ಬರಿಯ ರಸಪ್ರಶ್ನೆಯ ವಿಷಯವಲ್ಲ. ಕುರ್ದರನ್ನು ಟರ್ಕಿಯ ಆಳುವವರು "ಬೆಟ್ಟದ ತುರ್ಕರು" ಎಂದು ಕರೆದರು. ತುರ್ಕಿ ಭಾಷೆಯ ಕುಟುಂಬವೇ ಬೇರೆ. ಆದರೂ ಕುರ್ದಿಷ್‌ನಲ್ಲಿ ಪುಸ್ತಕ ಅಚ್ಚು ಹಾಕದಂತೆ 1983ರಲ್ಲಿ ಕಾನೂನು ತಂದರು. ಅದು ರದ್ದಾದದ್ದು 1991ರಲ್ಲಿ. ಇರಾಕಿನ 2005ರ ಸಂವಿಧಾನ ಅದೇ ಭಾಷೆಯನ್ನು ಅರಬ್ಬಿಯ ಜೊತೆಗೆ ಅಧಿಕೃತವೆಂದಿತು. ಫಿಲಿಪಿನೋ ಅದೃಷ್ಟ ಮಾಡಿತ್ತು. 1937ರಲ್ಲಿ ತಗಾಲೊಗ್ ಭಾಷೆಯನ್ನು ರಾಷ್ಟ್ರಭಾಷೆಗೆ ತಳಹದಿಯಾಗಿ ಆರಿಸಿದರು. 1987ರ ಸಂವಿಧಾನ ಆ ರಾಷ್ಟ್ರಭಾಷೆಯನ್ನು ಫಿಲಿಪಿನೋ ಎಂದು ಹೆಸರಿಸಿತು.

ನಮ್ಮಲ್ಲೂ ಕೊಂಕಣಿಯನ್ನು ಮರಾಠಿಯ ಉಪಭಾಷೆಯೆಂದು ವಾದಿಸಿದವರಿದ್ದರು. 1975ರಲ್ಲಿ ಸಾಹಿತ್ಯ ಅಕಾಡೆಮಿ ಅದನ್ನು ಸ್ವತಂತ್ರ ಭಾಷೆಯೆಂದು ಒಪ್ಪಿತು; 1992ರಲ್ಲಿ ಅದು ಸಂವಿಧಾನದ ಎಂಟನೆಯ ಪರಿಚ್ಛೇದ ಸೇರಿತು. ತುಳುವನ್ನು ಸ್ವತಂತ್ರ ದ್ರಾವಿಡ ಭಾಷೆಯೆಂದು ಕಾಲ್ಡ್‌ವೆಲ್ 1856ರಲ್ಲೇ ಎಣಿಸಿದ್ದರು. ಬ್ರಿಗೆಲ್ ಅವರ ತುಳು ವ್ಯಾಕರಣ 1872ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಆದರೂ 1992ರಲ್ಲಾಗಲೀ, ಮತ್ತೆ ನಾಲ್ಕು ಭಾಷೆಗಳು ಸೇರಿದ 2003ರಲ್ಲಾಗಲೀ ಆ ಪಟ್ಟಿಯಲ್ಲಿ ತುಳುವಿಗೆ ಜಾಗ ಸಿಗಲಿಲ್ಲ. ಪಟ್ಟಿಯ ಲೆಕ್ಕಾಚಾರ ಭಾಷಾಶಾಸ್ತ್ರದ್ದಲ್ಲವೆಂದು ನನ್ನ ಎಣಿಕೆ.

ಕೊನೆಗೊಂದು ಸ್ವಾರಸ್ಯ. ಹುಟ್ಟಿನಿಂದ ಬೇರೆಯಾದ ಭಾಷೆಗಳೂ ಒಂದೇ ಬೀದಿಯಲ್ಲಿ ಬಾಳಿದರೆ ಹೋಲತೊಡಗುತ್ತವೆ. ಭಾಷಾವಿಜ್ಞಾನಿ ಮಂಗೇಶ ನಾಡಕರ್ಣಿಯವರು 1975ರ ಪ್ರಬಂಧವೊಂದರಲ್ಲಿ ಕರ್ನಾಟಕದ ಸಾರಸ್ವತರ ಕೊಂಕಣಿಯನ್ನು ಪರಿಶೀಲಿಸಿದರು. ಹಿಂದಿಯಲ್ಲಿರುವಂತೆ ಅಲ್ಲಿ ‘ಜೋ’ ಎಂಬ ಸರ್ವನಾಮ ಇರಬೇಕಿತ್ತು. ಅದರ ಜಾಗದಲ್ಲಿ ಅವರು ಕಂಡದ್ದು ‘ಖಂಚೋ’, ಅಂದರೆ ಯಾವ ಎಂಬ ಪ್ರಶ್ನಾರ್ಥಕ. ವಾಕ್ಯದ ತುದಿಗೆ ‘ಕೀ’. "ಯಾವ ಮುದುಕ ಪೇಪರ್ ಓದುತ್ತಿದ್ದಾನೋ ಅವನು" ಎನ್ನುವ ನಮ್ಮ ವಾಕ್ಯದ ಅಚ್ಚೇ ಅದು. ಪದಗಳೆಲ್ಲ ಕೊಂಕಣಿ, ಕಟ್ಟಿದ ರೀತಿ ಕನ್ನಡ. ಗೋಣಿಬೀಡಿನಲ್ಲಿ ಕೊಂಕಣಿ ಮನೆಮಾತಿನ ಗೆಳೆಯರಿದ್ದರೆ ಈ ವಾಕ್ಯವನ್ನು ಅವರ ಬಾಯಲ್ಲಿ ಹೇಳಿಸಿ, ಬರೆದುಕೊಳ್ಳಿ.